ಹೆಪಟೈಟಿಸ್ ಬಿ: ಮಾತ್ರೆಗೆ ವೈರಸ್ ಬಗ್ಗದಿದ್ದಾಗ

ಪ್ರಶ್ನೆ (ಸೋಮವಾರಪೇಟೆಯಿಂದ): ಡಾಕ್ಟರೇ, ನಮಸ್ಕಾರ. ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ನನ್ನ ಅಣ್ಣ ಹಲವು ವರ್ಷಗಳಿಂದ ವೈರಸ್ ತಡೆಯುವ ಲ್ಯಾಮಿವುಡಿನ್ ಮಾತ್ರೆಯೊಂದನ್ನೇ ಸೇವಿಸುತ್ತಿದ್ದಾರೆ. ಪರೀಕ್ಷೆಯಲ್ಲಿ ಕಾಣದಷ್ಟು ಇಳಿದಿದ್ದ ವೈರಸ್ ಪ್ರಮಾಣ ಈಗ ಮಿಲಿಲೀಟರಿಗೆ 40,000 ಐಯು (ಅಂತರರಾಷ್ಟ್ರೀಯ ಘಟಕ) ದಾಟಿದೆ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿದ್ದೂ ಉಂಟು. ಇದನ್ನು ನಿಲ್ಲಿಸಿ ಎಂಟೆಕಾವಿರ್ ಆರಂಭಿಸಬಹುದೇ?

ಉತ್ತರ: ನಮಸ್ಕಾರ. ಮೊದಲ ಮಾತು, ವೈದ್ಯರು ಬೇರೆ ಮಾತ್ರೆ ಬರೆದುಕೊಡುವ ತನಕ ಈಗಿನದನ್ನು ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಯಕೃತ್ತಿನ ಉರಿಯೂತ ಪ್ರಾಣಾಪಾಯದ ಮಟ್ಟಕ್ಕೆ ಉಲ್ಬಣಿಸಬಹುದು.

ತಗ್ಗಿದ್ದ ವೈರಸ್ ಪ್ರಮಾಣ ತನ್ನ ಕನಿಷ್ಠ ಮಟ್ಟಕ್ಕಿಂತ ಹತ್ತು ಪಟ್ಟು ಏರಿದರೆ ಎರಡು ಕಾರಣಗಳನ್ನು ಶಂಕಿಸುತ್ತೇವೆ: ಮಾತ್ರೆ ತಪ್ಪಿರುವುದು, ಇಲ್ಲವೇ ವೈರಸ್ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಂಡಿರುವುದು. ಈ ವೈರಸ್ಸನ್ನು ನಕಲು ಮಾಡುವ ಪಾಲಿಮರೇಸ್ ಕಿಣ್ವಕ್ಕೆ ತನ್ನ ನಕಲಿನ ದೋಷಗಳನ್ನು ತಿದ್ದುವ ಸಾಮರ್ಥ್ಯವಿಲ್ಲದ ಕಾರಣ ರೂಪಾಂತರಗಳು ಸದಾ ಹುಟ್ಟುತ್ತಿರುತ್ತವೆ, ಅವುಗಳಲ್ಲಿ ಔಷಧಕ್ಕೆ ಜಗ್ಗದವು ಕ್ರಮೇಣ ಮೇಲುಗೈ ಸಾಧಿಸುತ್ತವೆ. ಲ್ಯಾಮಿವುಡಿನ್ ಒಂದನ್ನೇ ಐದು ವರ್ಷ ಸೇವಿಸಿದವರಲ್ಲಿ ಸುಮಾರು 70 ಶೇಕಡಾ ಮಂದಿಯಲ್ಲಿ ಹೀಗಾಗುತ್ತದೆ. ಆದ್ದರಿಂದ ದೋಷವನ್ನೆಲ್ಲ ಕೊಯ್ಲಿನ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ಎಂಟೆಕಾವಿರ್ ಹೊಸ ರೋಗಿಗಳಿಗೆ ಉತ್ತಮ ಔಷಧ. ಅವರಲ್ಲಿ ಐದು ವರ್ಷಗಳ ಪ್ರತಿರೋಧ 1.2 ಶೇಕಡಾ ಮಾತ್ರ. ಆದರೆ ಲ್ಯಾಮಿವುಡಿನ್‌ಗೆ ಬಗ್ಗದ ವೈರಸ್ ಎಂಟೆಕಾವಿರ್ ಪ್ರತಿರೋಧದತ್ತಲೂ ಅರ್ಧ ದಾರಿ ನಡೆದಿರುತ್ತದೆ, ಅಂಥವರಲ್ಲಿ ಇದೇ ಪ್ರಮಾಣ ಸುಮಾರು 50 ಶೇಕಡಾಕ್ಕೆ ಏರುತ್ತದೆ. ಆದ್ದರಿಂದ ನಿಮ್ಮ ಅಣ್ಣನವರಿಗೆ ಟೆನೋಫೋವಿರ್ ಎಂಬ ಬೇರೊಂದು ಮಾತ್ರೆ ಸೂಕ್ತವೆಂದು ನನ್ನ ಅಭಿಪ್ರಾಯ. ಮಾತ್ರೆ ತಪ್ಪಿದ್ದೇ ಕಾರಣವೆಂದು ತಿಳಿದುಬಂದರೂ ಲ್ಯಾಮಿವುಡಿನ್‌ನಲ್ಲೇ ಮುಂದುವರಿಯುವುದರಲ್ಲಿ ಅರ್ಥವಿಲ್ಲ.

ಮರುಪ್ರಶ್ನೆ: ಟೆನೋಫೋವಿರ್ ಕಿಡ್ನಿಗೆ ಕೆಟ್ಟದ್ದೆಂದು ಕೇಳಿದ್ದೇನೆ. ಅಣ್ಣನಿಗೆ ಸಕ್ಕರೆ ಕಾಯಿಲೆಯೂ ಇದೆ.

ಉತ್ತರ: ಟೆನೋಫೋವಿರ್‌ನ ಹಳೆಯ 300 ಮಿಲಿಗ್ರಾಂ ಮಾತ್ರೆ ಕೆಲವರಲ್ಲಿ ಮೂತ್ರಪಿಂಡಕ್ಕೂ ಮೂಳೆಗೂ ತೊಂದರೆ ಕೊಡುವುದು ನಿಜ. ಸಕ್ಕರೆ ಕಾಯಿಲೆ ಇರುವವರಿಗೆ 25 ಮಿಲಿಗ್ರಾಂನ ಟೆನೋಫೋವಿರ್ ಅಲಾಫೆನಮೈಡ್ ಎಂಬ ಅದರ ಹೊಸ ರೂಪ ಹೆಚ್ಚು ಸುರಕ್ಷಿತ. ಆರಂಭಕ್ಕೆ ಮುನ್ನ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ಮತ್ತು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಎಚ್‌ಐವಿ ಇದ್ದವರಿಗೆ ಟೆನೋಫೋವಿರ್ ಒಂದನ್ನೇ ಕೊಟ್ಟರೆ ಆ ವೈರಸ್ಸೂ ಪ್ರತಿರೋಧ ಕಲಿಯುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತ ಔಷಧ ದೊರೆಯುತ್ತದೆಯೇ ಎಂದು ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟಲ್ಲ, ಜೂನ್‌ಗೆ ಮೊದಲೇ ಹೆಚ್ಚುವರಿ ಮಾತ್ರೆ ಕೇಳಿ ಪಡೆದಿಟ್ಟುಕೊಳ್ಳಿ. ಬದಲಾವಣೆಯಾದ ಮೂರು ತಿಂಗಳಿಗೆ ವೈರಸ್ ಪ್ರಮಾಣವನ್ನು ಮತ್ತೆ ಅಳೆಯಿಸಿ.