ತಲೆಕೆಳಗಾಗಿ ಈಜುವ ಆಫ್ರಿಕನ್ ಕ್ಯಾಟ್‌ಫಿಶ್ ತರಬಹುದಾ?

ದಾವಣಗೆರೆ ಟ್ಯಾಂಕ್: ನಮಸ್ಕಾರ. ಮನೆಯಲ್ಲಿ 3 ಅಡಿ ಮೀನಿನ ಟ್ಯಾಂಕ್ ಇದೆ, ಗಪ್ಪಿ ಮತ್ತೆ ಟೆಟ್ರಾ ಅನ್ನೋ ಸಣ್ಣ ಮೀನುಗಳಿವೆ. ಇಲ್ಲೇ ಒಂದು ಅಂಗಡಿಯಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ಈಜುವ ಕಂದು ಮೀನು ನೋಡಿದೆ. ಸತ್ತಿದೆ ಅಂದುಕೊಂಡರೆ, ಅದು ಇರೋದೇ ಹಾಗೆ, ಆಫ್ರಿಕನ್ ಕ್ಯಾಟ್‌ಫಿಶ್ ಅಂದರು. ತುಂಬಾ ಇಷ್ಟ ಆಯ್ತು. ಆದರೆ ಅದನ್ನು ಸಾಕೋದು ನಿಷೇಧ ಅಂತ ಅಣ್ಣ ಹೇಳುತ್ತಿದ್ದಾನೆ, ನಿಜಾನಾ? ಗಪ್ಪಿ ತಿನ್ನುತ್ತಾ? ನಮ್ಮದು ಬೋರ್‌ವೆಲ್ ನೀರು, ಗಡಸು ಜಾಸ್ತಿ.

ದುರ್ಗದ ಮೀನು: ನಿಮ್ಮ ಅಣ್ಣ ಹೇಳುತ್ತಿರೋದು ಬೇರೆ ಮೀನು. ಅದು ಕ್ಲೇರಿಯಸ್ ಗ್ಯಾರಿಪೈನಸ್, ಮೀಟರ್ ದಾಟಿ ಬೆಳೆಯುತ್ತೆ, ಕೆರೆಗೆ ಸೇರಿದರೆ ನಮ್ಮ ಮೀನುಗಳನ್ನು ತಿಂದು ಮುಗಿಸುತ್ತೆ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ನೀವು ನೋಡಿದ್ದು ಸಿನೊಡಾಂಟಿಸ್ ನೈಗ್ರಿವೆಂಟ್ರಿಸ್ ಇರಬೇಕು. ಕಾಂಗೋ ನದಿ ಕಡೆಯದು, 10 ಸೆಂ.ಮೀ. ಆಸುಪಾಸು ಬೆಳೆಯುತ್ತೆ, ಸಾಧು. ದೊಡ್ಡ ಗಪ್ಪಿಗೆ ತೊಂದರೆ ಇಲ್ಲ, ಮರಿಗಳು ಮಾತ್ರ ರಾತ್ರಿ ಉಳಿಯಲ್ಲ. ತರುವ ಮುಂಚೆ ಹೊಟ್ಟೆ ನೋಡಿ. ಬೆನ್ನಿಗಿಂತ ಹೊಟ್ಟೆ ಕಪ್ಪಗಿರಬೇಕು, ಯಾಕಂದ್ರೆ ಮಗುಚಿ ಈಜುವಾಗ ಮೇಲಿಂದ ಕಾಣೋದು ಹೊಟ್ಟೆನೇ ಅಲ್ವಾ. ಇದೇ ಸಿನೊಡಾಂಟಿಸ್ ಗುಂಪಿನ ಯೂಪ್ಟೆರಸ್ ಅನ್ನೋ ಬೇರೆ ಮೀನಿನ ಮರಿಗಳನ್ನೂ ಇದೇ ಹೆಸರಲ್ಲಿ ಮಾರುತ್ತಾರೆ, ಅದು 20 ಸೆಂ.ಮೀ. ದಾಟುತ್ತೆ, ನಿಮ್ಮ ಟ್ಯಾಂಕಿಗೆ ಸಾಲಲ್ಲ. ಮತ್ತೆ ಯಾವುದೇ ಮೀನು ಸಾಕಾಯ್ತು ಅಂತ ಕುಂದವಾಡ ಕೆರೆಗೆ ಬಿಡಬೇಡಿ, ದಯವಿಟ್ಟು.

ಭದ್ರಾ ನಾಲೆ: ಒಂದೇ ಒಂದು ತರಬೇಡಿ, ನಾಲ್ಕೈದು ತನ್ನಿ. ಒಂಟಿ ಇದ್ದರೆ ಮೂಲೆ ಬಿಟ್ಟು ಬರಲ್ಲ. ನಮ್ಮಲ್ಲಿ ಹಗಲೆಲ್ಲ ಮರದ ಬೇರಿನ ಅಡಿ ತಲೆಕೆಳಗಾಗಿ ಅಂಟಿಕೊಂಡಿರುತ್ತವೆ. ದೀಪ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಮೇಲೆ ಬಂದು, ಹೊಟ್ಟೆ ನೀರಿನ ಮೇಲ್ಮೈಗೆ ತಾಗಿಸಿಕೊಂಡೇ, ಮೀಸೆ ಆಡಿಸುತ್ತಾ ತೇಲುವ ಕಾಳು ಎಳೆದುಕೊಳ್ಳುತ್ತವೆ. ಅದನ್ನು ನೋಡೋಕೆ ಅಂತಲೇ ಕೂರುತ್ತೇನೆ. ತಳಕ್ಕೆ ನುಣ್ಣನೆ ಮರಳು ಹಾಕಿ, ಚೂಪು ಜಲ್ಲಿಗೆ ಮೀಸೆ ಸವೆದು ಹೋಗುತ್ತೆ. ಬೋರ್ ನೀರಿಗೆ ಅರ್ಧ ಆರ್‌ಓ ನೀರು ಬೆರೆಸಿ, ಪ್ರತಿ ಸಲ ಅದೇ ಅಳತೆ ಇರಲಿ. ನಮ್ಮೂರ ಬೇಸಿಗೆಯೇ ದೊಡ್ಡ ಕಷ್ಟ. ಇವಕ್ಕೆ 22ರಿಂದ 26 ಡಿಗ್ರಿ ಹಿತ, ಏಪ್ರಿಲ್‌ನಲ್ಲಿ ಟ್ಯಾಂಕ್ ಸುಲಭವಾಗಿ 30 ದಾಟುತ್ತೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ಅದರ ಮೇಲೆ ಕರೆಂಟ್ ಹೋದರೆ ಕಥೆ ಮುಗೀತು. ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ದಾವಣಗೆರೆ ಟ್ಯಾಂಕ್: ತುಂಬಾ ಥ್ಯಾಂಕ್ಸ್. ಮೊದಲು ಮರಳು ಹಾಕಿ, ಬೇರು ಹುಡುಕಿ, ಆಮೇಲೆ ಮೀನು ತರುತ್ತೇನೆ.

ದುರ್ಗದ ಮೀನು: ತಂದಾಗ ಬಲೆ ಬಳಸಬೇಡಿ. ರೆಕ್ಕೆ ಮುಳ್ಳು ಸೆಟೆಸಿ ಬಲೆಗೆ ಸಿಕ್ಕಿಸಿಕೊಳ್ಳುತ್ತೆ, ಬಿಡಿಸೋಕೆ ಹೋದರೆ ಮುಳ್ಳು ಮುರಿಯುತ್ತೆ. ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.