ಕುದುರೆಮುಖದ ಗುಡ್ಡ ಕಾಡಾ, ಬರೀ ಹುಲ್ಲಾ?

ಕಳಸದ ಹುಡುಗ: ಕುದುರೆಮುಖದ ಗಣಿ ಮತ್ತೆ ಶುರುವಾಗಲಿ, ಊರಿಗೆ ಕೆಲಸ ಬರುತ್ತೆ ಅಂತ ಇಲ್ಲಿ ಒಬ್ಬರು ಬರೆದಿದ್ದಾರೆ. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು 2005ರ ಕೊನೆಗೆ ನಿಂತ ಗಣಿ ಅದು. ಅಲ್ಲಿನ ಅದಿರಿನಲ್ಲಿ ಕಬ್ಬಿಣ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಅದಿರು ಅರೆದು ಕಬ್ಬಿಣ ತೆಗೆದ ಮೇಲೆ ಉಳಿದ ಪುಡಿಯೆಲ್ಲ, ಅದನ್ನು ತಡೆಯಲೆಂದೇ ಕಟ್ಟಿದ ಲಕ್ಯಾ ಅಣೆಕಟ್ಟಿನ ಹಿಂದೆ ಇವತ್ತಿಗೂ ಕೂತಿದೆ. ಇನ್ನೆಷ್ಟು ಕಾಡು ಹಾಳಾಗಬೇಕು?

ಕಾಲೋನಿಯವನು: ನಮ್ಮಪ್ಪ ಅಲ್ಲೇ ದುಡಿದವರು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಇದ್ದ ಊರು ಖಾಲಿಯಾಯಿತು, ಅದನ್ನು ಯಾರೂ ಬರೆಯುವುದಿಲ್ಲ. ಕಾಡು ಕಾಡು ಅಂತೀರಲ್ಲ, ಆ ಗುಡ್ಡದ ಮೇಲೆ ಮರ ಎಲ್ಲಿತ್ತು? ಬರೀ ಹುಲ್ಲು.

ಬಾಳೆಹೊನ್ನೂರು ಮೇಷ್ಟ್ರು: ‘ಬರೀ ಹುಲ್ಲು’ ಅಂದಿರಲ್ಲ, ಅಲ್ಲೇ ತಪ್ಪಿದ್ದು. ನಮ್ಮ ಶೋಲಾ ಕಾಡು ಇರುವುದೇ ಹಾಗೆ. ಗುಡ್ಡದ ಮೈಮೇಲೆ ಹುಲ್ಲು, ಕಣಿವೆಯ ಸಂದಿನಲ್ಲಿ ಮರ. ಅಷ್ಟು ಜೋರು ಮಳೆಯಲ್ಲಿ ಮಣ್ಣು ಹಿಡಿದು, ನೀರು ಇಂಗಿಸಿ, ಬೇಸಿಗೆಯಲ್ಲೂ ಹಳ್ಳ ಹರಿಯುವ ಹಾಗೆ ಮಾಡುವುದು ಆ ಹುಲ್ಲೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಅದೇ ಸೀಮೆಯ ಗಂಗಾಮೂಲದಲ್ಲಿ.

ಕಾಲೋನಿಯವನು: ಹುಲ್ಲೇ ನೀರು ಇಂಗಿಸುತ್ತೆ ಅಂದರೆ ಮರ ಇನ್ನೂ ಜಾಸ್ತಿ ಇಂಗಿಸಬೇಕು, ಅಲ್ವಾ ಮೇಷ್ಟ್ರೇ? ಕಂಪನಿಯವರು ಗಿಡ ನೆಟ್ಟಿದ್ದರು. ಅದನ್ನೂ ಹೇಳಿ.

ಬಾಳೆಹೊನ್ನೂರು ಮೇಷ್ಟ್ರು: ಗುಡ್ಡ ಕೊರೆದು ಗಿಡ ನೆಟ್ಟರೆ ಶೋಲಾ ಆಗುತ್ತಾ? ಮೇಲ್ಮಣ್ಣೇ ಹೋದ ಮೇಲೆ ಆ ಹುಲ್ಲನ್ನು ಎಲ್ಲಿಂದ ತರುತ್ತೀರಿ?

ಹಾಸನ್ ಗೌಡ: ಹುಲ್ಲಿನ ಜಗಳ ಸಾಕು ಮಾರಾಯ್ರೇ. ಕಾಫಿ ತೋಟ ಮಾಡುವಾಗ ಕಾಡು ಕಡಿಯಲಿಲ್ವಾ? ಅದಕ್ಕೆ ಯಾರೂ ಕೋರ್ಟಿಗೆ ಹೋಗಲಿಲ್ಲ.

ಕಳಸದ ಹುಡುಗ: ಕಡಿದರು, ತಪ್ಪೇ. ಆದರೆ ತೋಟದಲ್ಲಿ ನೆರಳಿನ ಮರವಾದರೂ ಉಳಿದಿದೆ ಗೌಡ್ರೇ. ಗಣಿಯಲ್ಲಿ ಗುಡ್ಡವೇ ಉಳಿಯಲಿಲ್ಲ.

ಕಾಲೋನಿಯವನು: ನೋಡಿ, ‘ಕಡಿದರು’ ಅಂತ ಒಪ್ಪಿಕೊಂಡರು! ತೋಟದವರಿಗೆ ಒಂದು ನ್ಯಾಯ, ಕೂಲಿಯವರಿಗೆ ಇನ್ನೊಂದು.

ತರೀಕೆರೆ ರೈತ: ನಾವು ಭದ್ರಾ ನೀರು ನಂಬಿದವರು. ಗಣಿ ನಡೆಯುವಾಗ ಮಳೆಗಾಲದಲ್ಲಿ ಹೊಳೆ ಕೆಂಪಗೆ ಬರುತ್ತಿತ್ತು. ಆ ಮಣ್ಣೆಲ್ಲ ಬಂದು ನಿಲ್ಲುವುದು ಲಕ್ಕವಳ್ಳಿ ಡ್ಯಾಮಿನಲ್ಲಿ. ಹೂಳು ತುಂಬಿದಷ್ಟೂ ನಮ್ಮ ನಾಲೆಗೆ ನೀರು ಕಡಿಮೆ. ಇದರ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ?

ಕಾಲೋನಿಯವನು: ಮಳೆಗಾಲದಲ್ಲಿ ಮಲೆನಾಡಿನ ಯಾವ ಹೊಳೆ ಕೆಂಪಗೆ ಬರುವುದಿಲ್ಲ ಹೇಳಿ? ಮೇಷ್ಟ್ರೇ, ನೀವು ಹೇಳಿ, ಹುಲ್ಲುಗಾವಲಿಗೆ ಕಾಡು ಅನ್ನುತ್ತಾರಾ, ಇಲ್ವಾ?

ಬಾಳೆಹೊನ್ನೂರು ಮೇಷ್ಟ್ರು: ಅನ್ನುತ್ತಾರೆ. ಮೂರನೇ ಸಲ ಹೇಳುತ್ತಿದ್ದೇನೆ, ಅನ್ನುತ್ತಾರೆ. ಆ ರೈತರ ಪ್ರಶ್ನೆಗೆ ಮೊದಲು ಉತ್ತರ ಕೊಡಿ.