ನಾಯಿಗೆ ಕೀಮೋ ಮಾಡಿಸಿದವರು ಯಾರಾದರೂ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯನಿಗೆ 8 ವರ್ಷ. ಹೋದ ತಿಂಗಳು ಕತ್ತು ಸವರುವಾಗ ದವಡೆ ಕೆಳಗೆ ಎರಡೂ ಕಡೆ ಗೋಲಿ ಥರ ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ನೋವೇನೂ ಇರಲಿಲ್ಲ, ಆರಾಮಾಗಿ ಓಡಾಡಿಕೊಂಡಿದ್ದ. ಪರೀಕ್ಷೆ ಮಾಡಿಸಿದಾಗ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಅಂದರು.

ಈಗ ಕೀಮೋ ನಡೀತಿದೆ. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್ ಸರದಿ ಮೇಲೆ, ಜೊತೆಗೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ಪೂರ್ತಿ ವಾಸಿಯಾಗೋದು ಅಪರೂಪ, ಚೆನ್ನಾಗಿರೋ ದಿನಗಳು ಜಾಸ್ತಿ ಸಿಗಲಿ ಅಂತ ಈ ಚಿಕಿತ್ಸೆ ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ. ಮೊದಲ ಇಂಜೆಕ್ಷನ್ ಆದ ಒಂದೇ ವಾರಕ್ಕೆ ಗಂಟು ಕರಗಿತು, ಅವತ್ತು ಮನೆಯವರೆಲ್ಲ ಅತ್ತುಬಿಟ್ಟೆವು.

ಕಷ್ಟ ಶುರುವಾಗಿದ್ದು ಎರಡನೇ ಸಲದಿಂದ. ಮೂರನೇ ದಿನ ತಟ್ಟೆ ಹತ್ತಿರ ಬಂದು, ಮೂಸಿ, ಮುಖ ತಿರುಗಿಸಿ ನನ್ನ ಕಾಲ ಹತ್ತಿರ ಮಲಗುತ್ತಾನೆ. ವಾಂತಿಗೆ ಮಾತ್ರೆ ಕೊಟ್ಟಿದ್ದಾರೆ, ಆದರೂ ತಿನ್ನಲ್ಲ. ನೀವು ಹೇಗೆ ತಿನ್ನಿಸಿದಿರಿ? ಊಟ ಸ್ವಲ್ಪ ಬೆಚ್ಚಗೆ ಮಾಡಿಕೊಟ್ಟರೆ ಎರಡು ತುತ್ತು ಹೋಗುತ್ತೆ, ಅಷ್ಟೇ.

ಇನ್ನೊಂದು, ಇಂಜೆಕ್ಷನ್ ಆದ ಸುಮಾರು ಒಂದು ವಾರಕ್ಕೆ ಬಿಳಿ ರಕ್ತಕಣ ಇಳಿಯುತ್ತೆ, ಜ್ವರ ಬಂದರೆ ತಡ ಮಾಡಬೇಡಿ ಅಂದಿದ್ದಾರೆ. ರಾತ್ರಿ ಹೊತ್ತು ಹಾಗಾದಾಗ ನೀವೇನು ಮಾಡಿದಿರಿ? ಪ್ರೆಡ್ನಿಸೊಲೋನ್‌ನಿಂದ ನೀರು ಜಾಸ್ತಿ ಕುಡಿದು ಮನೆಯೊಳಗೇ ಉಚ್ಚೆ ಮಾಡಿಬಿಡ್ತಾನೆ, ಪಾಪ, ತಲೆ ತಗ್ಗಿಸಿ ನಿಲ್ಲುತ್ತಾನೆ. ಉಚ್ಚೆಯಲ್ಲಿ ಕೀಮೋ ಔಷಧಿಯ ಅಂಶ ಇರುತ್ತೆ ಅಂತ ಗ್ಲೌಸ್ ಹಾಕಿಯೇ ಒರೆಸುತ್ತೇವೆ, ಆದರೆ ಮನೆಯಲ್ಲಿ ಅಂಬೆಗಾಲಿಡೋ ಮಗು ಇದೆ. ಚಿಕ್ಕ ಮಕ್ಕಳಿರೋರು ಹೇಗೆ ಸಂಭಾಳಿಸಿದಿರಿ?

ಕೇಳೋಕೆ ಬಾಯಿ ಬರ್ತಿಲ್ಲ, ಆದರೂ ಕೇಳ್ತೀನಿ. ಇನ್ನು ಸಾಕು ಅಂತ ಯಾವಾಗ, ಏನು ನೋಡಿ ನಿರ್ಧಾರ ಮಾಡಿದಿರಿ? ಮುಂದಿನ ಇಂಜೆಕ್ಷನ್ ಗುರುವಾರ ಇದೆ. ಅದಕ್ಕೆ ಮೊದಲು ಯಾರಾದರೂ ಉತ್ತರ ಕೊಟ್ಟರೆ ದೊಡ್ಡ ಉಪಕಾರ.